ಕಾಯಿ ಕಚ್ಚಲು ಏನೇನು ಬೇಕು: ಪರಾಗಸ್ಪರ್ಶಕ ಕೀಟಗಳ ಬಗ್ಗೆ ರೈತರೊಡನೆ ಮಾತನಾಡಿದ ಅನುಭವ

ಪರಾಗಸ್ಪರ್ಶ ಮಾಡುವ ಕೀಟಗಳ ಬಗ್ಗೆ ರೈತರಿಗೆ ಏನು ಗೊತ್ತಿದೆ, ಅವುಗಳನ್ನು ಅವರು ಹೇಗೆ ನೋಡುತ್ತಾರೆ ಎಂಬುದನ್ನು ತಿಳಿಯಲು ಕೈಗೊಂಡ ಒಂದು ಅಧ್ಯಯನದಲ್ಲಿ, ಪ್ರಶ್ನಾವಳಿ ಸಿದ್ಧಪಡಿಸುವುದರಿಂದ ಹಿಡಿದು ಹೊಲಗಳಲ್ಲಿ ಮಾತುಕತೆ ನಡೆಸಿ ಉತ್ತರಗಳನ್ನು ವಿಂಗಡಿಸುವವರೆಗೆ ನಾನು ಜೊತೆಗಿದ್ದೆ. ಈ ಬಗೆಯ ವರದಿಗಳು ಸಾಮಾನ್ಯವಾಗಿ ‘ರೈತರಲ್ಲಿ ಅರಿವಿನ ಕೊರತೆ ಇದೆ’ ಎಂಬ ಮಾತಿಗೆ ಬಂದು ನಿಲ್ಲುತ್ತವೆ, ಅದರ ಬೆನ್ನಿಗೇ ಅರಿವು ಮೂಡಿಸುವ ಕಾರ್ಯಕ್ರಮಗಳ ಶಿಫಾರಸು ಇರುತ್ತದೆ. ನಮ್ಮ ಕೆಲಸ ಅರ್ಧಕ್ಕೆ ಬರುವಷ್ಟರಲ್ಲೇ ಆ ಮಾತನ್ನು ಹಾಗೆಯೇ ಬರೆಯುವುದು ಕಷ್ಟ ಎಂದು ನನಗೆ ಅನಿಸತೊಡಗಿತ್ತು. ಅರಿವು ಇತ್ತು, ಆದರೆ ನಾವು ಹುಡುಕುತ್ತಿದ್ದ ಕಡೆ ಇರಲಿಲ್ಲ. ಅದು ಹೂವು ಅರಳುವ ಹೊತ್ತಿನಲ್ಲಿ, ಉದುರಿದ ಹೀಚಿನಲ್ಲಿ, ಸೊಟ್ಟಗಾದ ಕಾಯಿಯಲ್ಲಿ ಹಂಚಿಹೋಗಿತ್ತು.

ಅಧ್ಯಯನಕ್ಕೆ ಹಿನ್ನೆಲೆಯಾಗಿ ನಮ್ಮ ಕೈಯಲ್ಲಿದ್ದ ಅಂಕಿಗಳು ಜಗತ್ತಿನ ಮಟ್ಟದವು. ಪ್ರಪಂಚದ ಪ್ರಮುಖ 115 ಆಹಾರ ಬೆಳೆಗಳ ಪೈಕಿ 87 ಬೆಳೆಗಳು ಕಾಯಿ, ಹಣ್ಣು ಅಥವಾ ಬೀಜಕ್ಕಾಗಿ ಒಂದಲ್ಲ ಒಂದು ಪ್ರಮಾಣದಲ್ಲಿ ಪ್ರಾಣಿಗಳ ಪರಾಗಸ್ಪರ್ಶವನ್ನು ಅವಲಂಬಿಸಿವೆ ಎಂದು 2007ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿತ್ತು. ತೂಕದ ಲೆಕ್ಕದಲ್ಲಿ ಜಗತ್ತಿನ ಉತ್ಪಾದನೆಯ ಸುಮಾರು ಶೇಕಡ 35ರಷ್ಟು ಇಂಥ ಬೆಳೆಗಳಿಂದ ಬರುತ್ತದೆ. ಈ ಅಂಕಿಯನ್ನು ಕೀಟಗಳಿಲ್ಲದಿದ್ದರೆ ಮೂರನೇ ಒಂದು ಪಾಲು ಆಹಾರವೇ ಇಲ್ಲವಾಗುತ್ತದೆ ಎಂದು ಓದುವ ರೂಢಿ ಬೆಳೆದುಬಿಟ್ಟಿದೆ. ಅದು ಸರಿಯಲ್ಲ, ಏಕೆಂದರೆ ಈ ಬೆಳೆಗಳಲ್ಲಿ ಹೆಚ್ಚಿನವು ಭಾಗಶಃ ಮಾತ್ರ ಕೀಟಗಳನ್ನು ನೆಚ್ಚಿಕೊಂಡಿವೆ. ಜೀವವೈವಿಧ್ಯ ಕುರಿತ ಅಂತರರಾಷ್ಟ್ರೀಯ ವೇದಿಕೆಯಾದ ಐಪಿಬಿಇಎಸ್ 2016ರ ತನ್ನ ವರದಿಯಲ್ಲಿ, ನೇರವಾಗಿ ಪರಾಗಸ್ಪರ್ಶಕ ಪ್ರಾಣಿಗಳಿಂದಲೇ ದೊರೆಯುವ ಉತ್ಪಾದನೆಯನ್ನು ಶೇಕಡ 5ರಿಂದ 8 ಎಂದು ಅಂದಾಜಿಸಿ, ಅದರ ವಾರ್ಷಿಕ ಮೌಲ್ಯ 235ರಿಂದ 577 ಶತಕೋಟಿ ಡಾಲರ್ ಎಂದಿತು. ಇಂಥ ದೊಡ್ಡ ಮೊತ್ತಗಳನ್ನು ಹೊಲದಲ್ಲಿ ಹೇಳಿದರೆ ಕೇಳುವವರು ತಲೆಯಾಡಿಸುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಅವುಗಳನ್ನು ನಾವು ಹೊಲಕ್ಕೆ ಒಯ್ಯಲೇ ಇಲ್ಲ.

ಪ್ರಶ್ನಾವಳಿಯ ಮೊದಲ ಕರಡಿನಲ್ಲಿ ಮನೋಭಾವ ಅಳೆಯುವ ವಾಕ್ಯಗಳೇ ಹೆಚ್ಚಾಗಿದ್ದವು. ‘ಜೇನುನೊಣಗಳು ಕೃಷಿಗೆ ಮುಖ್ಯ’, ‘ಕೀಟಗಳನ್ನು ಸಂರಕ್ಷಿಸುವುದು ನಮ್ಮ ಕರ್ತವ್ಯ’ ಎಂಬಂಥ ಹೇಳಿಕೆಗಳನ್ನು ಓದಿ ಹೇಳಿ, ಒಪ್ಪುತ್ತೀರೋ ಇಲ್ಲವೋ ಎಂದು ಐದು ಮಟ್ಟಗಳಲ್ಲಿ ಗುರುತು ಹಾಕಿಕೊಳ್ಳುವ ಕ್ರಮವದು. ಪೂರ್ವಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಎಲ್ಲದಕ್ಕೂ ಒಪ್ಪಿದರು. ಮನೆಬಾಗಿಲಿಗೆ ಬಂದು ಒಳ್ಳೆಯ ಮಾತಿನಂತೆ ಕೇಳಿಸುವ ವಾಕ್ಯವನ್ನು ಓದುವವರ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವವರು ಎಲ್ಲಿದ್ದಾರೆ? ಹಿಂದಿನ ದಿನವಷ್ಟೇ ಹೂಬಿಟ್ಟ ಬೆಳೆಗೆ ಔಷಧಿ ಹೊಡೆದವರೂ ಕರ್ತವ್ಯದ ವಾಕ್ಯಕ್ಕೆ ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂದೇ ಬರೆಸಿದ್ದರು. ಅದನ್ನು ಸುಳ್ಳೆಂದು ಹೇಳಲಾಗದು. ಅವರು ನಿಜವಾಗಿಯೂ ಒಪ್ಪುತ್ತಿದ್ದರು, ಆದರೆ ಆ ಒಪ್ಪಿಗೆಗೂ ಹೊಲದ ಕೆಲಸಕ್ಕೂ ನಡುವೆ ಬೇರೆ ಹತ್ತು ಸಂಗತಿಗಳಿದ್ದವು. ಆ ಸಂಗತಿಗಳನ್ನು ಹಿಡಿಯಬೇಕಾಗಿದ್ದರಿಂದ ಹೇಳಿಕೆಗಳನ್ನು ಬಹುಮಟ್ಟಿಗೆ ಕೈಬಿಟ್ಟು, ಗುರುತಿಸುವುದು, ಅದರ ಕೆಲಸವನ್ನು ವಿವರಿಸುವುದು, ಕಂಡಾಗ ಏನು ಮಾಡುತ್ತೀರಿ ಎಂದು ಹೇಳುವುದು, ಕಳೆದ ಬೆಳೆಯಲ್ಲಿ ಏನು ಮಾಡಿದಿರಿ ಎಂದು ನೆನೆಸಿಕೊಳ್ಳುವುದು, ಹೀಗೆ ಪ್ರಶ್ನೆಗಳ ಸ್ವರೂಪವನ್ನೇ ಬದಲಿಸಿದೆವು.

ಪ್ರಶ್ನೆಗಳ ಅನುಕ್ರಮವೂ ಚರ್ಚೆಗೆ ಬಂತು. ಕೀಟಗಳ ಬಗ್ಗೆ ಕೇಳಲು ಬಂದಿದ್ದೇವೆ ಎಂದು ಮೊದಲೇ ಹೇಳಿಬಿಟ್ಟರೆ ಮುಂದಿನ ಪ್ರತಿಯೊಂದು ಉತ್ತರದಲ್ಲೂ ಕೀಟ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮಾತನ್ನು ಬೆಳೆಯಿಂದ ಆರಂಭಿಸಿ, ‘ಹೂವು ನಿಂತು ಕಾಯಿ ಕಚ್ಚಲು ಏನೇನು ಬೇಕು?’ ಎಂದು ಕೇಳುತ್ತಿದ್ದೆವು. ನೀರು, ಗೊಬ್ಬರ, ತಳಿ, ಹವೆ, ಹೂವು ಉದುರದಂತೆ ಹೊಡೆಯುವ ಟಾನಿಕ್ಕು ಎಂಬ ಉತ್ತರಗಳು ಸರಾಗವಾಗಿ ಬರುತ್ತಿದ್ದವು. ಗಾಳಿ ಎಂದವರೂ ಇದ್ದರು. ಕೀಟ ತಾನಾಗಿ ಬಾಯಿಗೆ ಬಂದದ್ದು ಕಡಿಮೆ, ಬಂದಾಗಲೂ ಕಾಯಿಗೆ ಅಡ್ಡಿ ಮಾಡುವ ಹುಳುವಾಗಿಯೇ ಬರುತ್ತಿತ್ತು. ಹೂವಿನ ಬೀಜೋತ್ಪಾದನೆ ಮಾಡುತ್ತಿದ್ದವರು ಮಾತ್ರ ಇದಕ್ಕೆ ಅಪವಾದವಾಗಿದ್ದರು. ಕೈಯಿಂದ ಪರಾಗ ಹಚ್ಚುವ ಕೆಲಸ ಮಾಡಿದ ಕೈಗಳಿಗೆ ಆ ಪ್ರಶ್ನೆ ಕ್ಷಣದಲ್ಲೇ ಅರ್ಥವಾಗುತ್ತಿತ್ತು.

ಮುಂದಿನದು ಗುರುತಿಸುವ ಹಂತ. ಇದಕ್ಕೆ ಬಣ್ಣದ ಛಾಯಾಚಿತ್ರಗಳನ್ನು ಮುದ್ರಿಸುವುದು ವಾಡಿಕೆ. ಚಿತ್ರದಲ್ಲಿ ಎಲ್ಲ ಕೀಟಗಳೂ ಅಂಗೈ ಅಗಲ ಇರುತ್ತವೆ. ಸೊಳ್ಳೆಗಿಂತ ತುಸು ದೊಡ್ಡದಾದ ಮುಜಂಟಿ ಜೇನೂ ಹೆಬ್ಬೆರಳಿನ ತುದಿಯಷ್ಟಿರುವ ಕರಿದುಂಬಿಯೂ ಅಲ್ಲಿ ಒಂದೇ ಗಾತ್ರ. ರೈತರಾದರೋ ಕೀಟವನ್ನು ಗಾತ್ರದಿಂದ, ಹಾರುವ ರೀತಿಯಿಂದ, ಸದ್ದಿನಿಂದ ಗುರುತಿಸುತ್ತಾರೆ, ಕಾಲಿನ ರೋಮ ಎಣಿಸಿ ಗುರುತಿಸುವುದಿಲ್ಲ. ಅದಕ್ಕಾಗಿ ಗಾಜಿನ ಮುಚ್ಚಳವಿದ್ದ ಮರದ ಪೆಟ್ಟಿಗೆಯೊಂದರಲ್ಲಿ ಒಣಗಿಸಿ ಪಿನ್ನು ಚುಚ್ಚಿದ ಕೀಟಗಳನ್ನು ಜೋಡಿಸಿಕೊಂಡೆವು: ತುಡುವೆ, ಹೆಜ್ಜೇನು, ಕೋಲುಜೇನು, ಮುಜಂಟಿ, ಕರಿದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂಟಿ ಜೇನು, ಎಲೆ ಕತ್ತರಿಸುವ ಜೇನು, ಎರಡು ಬಗೆಯ ಹೂನೊಣ, ಕಣಜ, ಒಂದು ಚಿಟ್ಟೆ, ಒಂದು ಪತಂಗ, ಇವುಗಳ ಜೊತೆಗೆ ಬೇಕೆಂದೇ ಸೇರಿಸಿದ ಹಣ್ಣುನೊಣ. ಪೆಟ್ಟಿಗೆ ತೆರೆದೊಡನೆ ಮಕ್ಕಳು ಮೊದಲು ಸೇರುತ್ತಿದ್ದರು, ದೊಡ್ಡವರು ಅವರ ಹಿಂದೆ ಬಗ್ಗುತ್ತಿದ್ದರು. ಉತ್ತರ ಒಬ್ಬರದೇ ಆಗಿರಬೇಕೆಂಬ ಸಮೀಕ್ಷೆಯ ನಿಯಮಕ್ಕೆ ಆಗ ಕೊಂಚ ಧಕ್ಕೆಯಾಗುತ್ತಿತ್ತು. ಆದರೆ ಗಂಡ ‘ಅದು ಸುಮ್ಮನೆ ಒಂದು ನೊಣ’ ಎಂದದ್ದನ್ನು ಹೆಂಡತಿ ಅಲ್ಲಿಯೇ ತಿದ್ದುವುದನ್ನು ಕೇಳಿದ ಮೇಲೆ, ಮನೆಯ ಯಜಮಾನರನ್ನು ಮಾತ್ರ ಮಾತನಾಡಿಸುವ ಪದ್ಧತಿಯನ್ನು ಬಿಟ್ಟು, ಕಾಯಿ ಬಿಡಿಸುವ, ಕಳೆ ಕೀಳುವ ಹೆಂಗಸರೊಡನೆ ಪ್ರತ್ಯೇಕವಾಗಿ ಮಾತನಾಡುವುದೆಂದು ತೀರ್ಮಾನಿಸಿದೆವು. ಹೂವಿನ ಹತ್ತಿರ ಹೆಚ್ಚು ಹೊತ್ತು ಇರುವವರು ಅವರೇ.

ಜೇನುಗಳನ್ನು ಎಲ್ಲರೂ ಗುರುತಿಸಿದರು, ತುಡುವೆಗೂ ಹೆಜ್ಜೇನಿಗೂ ಇರುವ ವ್ಯತ್ಯಾಸವನ್ನು ನಮಗಿಂತ ಚೆನ್ನಾಗಿ ಹೇಳಿದರು. ಕರಿದುಂಬಿಯನ್ನು ಮನೆಯ ತೊಲೆ, ಜಂತಿ ಕೊರೆಯುವ ಹುಳುವೆಂದು ಗುರುತಿಸಿದವರೇ ಬಹಳ, ಅದು ಹೂವಿಗೆ ಬರುವುದನ್ನು ಕಂಡಿದ್ದವರೂ ಅದರ ಕಸುಬು ಮರ ಕೊರೆಯುವುದೆಂದೇ ಹೇಳಿದರು. ಎಲೆಯ ಅಂಚನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ ಒಯ್ದು ಗೂಡು ಕಟ್ಟುವ ಜೇನಿನ ಕೈವಾಡವನ್ನು ಹಲವರು ರೋಗವೆಂದೋ ಮಿಡತೆಯ ಕಾಟವೆಂದೋ ತಿಳಿದಿದ್ದರು. ಎಲ್ಲಕ್ಕಿಂತ ಗೊಂದಲ ಕಂಡದ್ದು ಹೂನೊಣದ ವಿಷಯದಲ್ಲಿ. ಹಳದಿ ಕಪ್ಪು ಪಟ್ಟೆಗಳ, ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ತೇಲುವ ಈ ನೊಣವನ್ನು ಕಾಯಿಯೊಳಗೆ ಮೊಟ್ಟೆಯಿಟ್ಟು ಕೊಳೆಸುವ ಹಣ್ಣುನೊಣವೆಂದು ಭಾವಿಸಿ, ಅದು ಹೂವಿನ ಮೇಲೆ ಕುಳಿತದ್ದನ್ನು ಕಂಡ ಕೂಡಲೇ ಔಷಧಿಯ ಪಂಪು ತೆಗೆಯುವವರಿದ್ದರು. ಹಲವು ಜಾತಿಯ ಹೂನೊಣಗಳ ಮರಿಹುಳುಗಳು ಸಸ್ಯಹೇನುಗಳನ್ನು ತಿಂದು ಬೆಳೆಯುತ್ತವೆ, ಆ ಹೇನಿಗಾಗಿಯೇ ಇವರು ಹಣ ತೆತ್ತು ಔಷಧಿ ತರುತ್ತಾರೆ. ಪೆಟ್ಟಿಗೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು, ಹಣ್ಣುನೊಣದ ಹೆಣ್ಣಿನ ಹಿಂತುದಿಯಲ್ಲಿರುವ, ಮೊಟ್ಟೆ ಇಡುವ ಚೂಪಾದ ಕೊಳವೆಯನ್ನು ಭೂತಗನ್ನಡಿಯಲ್ಲಿ ತೋರಿಸಿದಾಗ ಒಬ್ಬ ರೈತರು ಕನ್ನಡಿಯನ್ನು ಕೊಡಲು ಒಪ್ಪದೆ ಬಹಳ ಹೊತ್ತು ನೋಡುತ್ತ ಕುಳಿತರು. ಎಲೆಯ ಮೇಲಾಗಲಿ ಹೂವಿನ ಮೇಲಾಗಲಿ ಕಂಡ ಕೀಟ ಬೆಳೆಯಿಂದ ಏನನ್ನೋ ಕದಿಯಲು ಬಂದಿದೆ ಎಂಬುದು ಮೊದಲ ಊಹೆ, ಕೀಟಬಾಧೆಯಿಂದ ನಷ್ಟ ಉಂಡವರಿಗೆ ಆ ಊಹೆ ಸಹಜವೇ.

ಈ ಊಹೆಯ ಇನ್ನೊಂದು ರೂಪ ನಮ್ಮನ್ನು ಹೆಚ್ಚು ಯೋಚಿಸುವಂತೆ ಮಾಡಿತು. ‘ಹೂವಿನ ರಸ ಹೀರಿದರೆ ಹೂವು ಸೊರಗುವುದಿಲ್ಲವೇ? ಆ ಸತ್ವ ಕಾಯಿಗೆ ಹೋಗಬೇಕಾದದ್ದಲ್ಲವೇ?’ ಎಂದು ಬೇರೆ ಬೇರೆ ಕಡೆ ಬೇರೆ ಬೇರೆಯವರು ಕೇಳಿದರು. ಇದು ದಡ್ಡ ಪ್ರಶ್ನೆಯಲ್ಲ. ಹೂವು ಮಕರಂದವನ್ನು ಏಕೆ ಸ್ರವಿಸುತ್ತದೆ ಎಂಬುದಕ್ಕೆ 18ನೇ ಶತಮಾನದ ನಡುಭಾಗದವರೆಗೆ ಯುರೋಪಿನ ವಿದ್ವಾಂಸರ ಬಳಿಯೂ ಸರಿಯಾದ ಉತ್ತರವಿರಲಿಲ್ಲ. ಕೀಟಗಳು ಪರಾಗವನ್ನು ಒಯ್ಯುವ ಬಗ್ಗೆ ಜರ್ಮನಿಯ ಸಸ್ಯವಿಜ್ಞಾನಿ ಕೋಲ್‌ರಾಯ್ಟರ್ 1761ರಲ್ಲಿ ಬರೆದರು. ಹೂವಿನ ಬಣ್ಣ, ಗುರುತು, ಆಕಾರಗಳೆಲ್ಲ ಕೀಟವನ್ನು ಕರೆಯುವ ಏರ್ಪಾಡು ಎಂದು ಅದೇ ನಾಡಿನ ಸ್ಪ್ರೆಂಗೆಲ್ 1793ರಲ್ಲಿ ವಿವರವಾಗಿ ನಿರೂಪಿಸಿದಾಗ ಅವರ ಕಾಲದವರು ಅದಕ್ಕೆ ಹೆಚ್ಚಿನ ಬೆಲೆ ಕೊಡಲಿಲ್ಲ, ಮುಂದೆ ಡಾರ್ವಿನ್ ಅದನ್ನು ಮತ್ತೆ ಬೆಳಕಿಗೆ ತಂದರು. ಇಷ್ಟು ಇತಿಹಾಸವಿರುವ ಸಂಗತಿಯನ್ನು ತಿಳಿಯದವರನ್ನು ‘ಅರಿವಿಲ್ಲದವರು’ ಎಂಬ ಕಲಮಿನಲ್ಲಿ ಹಾಕಲು ನನ್ನ ಪೆನ್ನು ಹಿಂಜರಿಯುತ್ತಿತ್ತು.

ವಿವರಣೆ ಕೊಡುವ ಬದಲು ತೋರಿಸುವುದೇ ಮೇಲೆಂದು, ಒಪ್ಪಿದವರ ಹೊಲಗಳಲ್ಲಿ ಸಣ್ಣ ಪರೀಕ್ಷೆಗಳನ್ನು ಇಟ್ಟೆವು. ಕುಂಬಳ, ಸೌತೆಗಳಲ್ಲಿ ಇದು ಅತ್ಯಂತ ಸುಲಭ, ಏಕೆಂದರೆ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆಯಾಗಿದ್ದು, ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಹೀಚು ಆಗಲೇ ಕಾಣುತ್ತದೆ. ಮರುದಿನ ಅರಳುವ ಹೆಣ್ಣು ಮೊಗ್ಗುಗಳನ್ನು ಹಿಂದಿನ ಸಂಜೆಯೇ ಆರಿಸಬೇಕು. ದಳಗಳ ತುದಿ ಹಳದಿಗೆ ತಿರುಗಿ ಬಿಗಿಯಾಗಿ ಸುತ್ತಿಕೊಂಡಿರುವ ಮೊಗ್ಗು ಬೆಳಗಾಗುವಷ್ಟರಲ್ಲಿ ಅರಳುತ್ತದೆ, ಇನ್ನೂ ಹಸಿರಾಗಿದ್ದರೆ ಅದು ಮಾರನೆಯ ದಿನದ್ದು. ಹೀಗೆ ಆರಿಸಿದ ಮೊಗ್ಗುಗಳಲ್ಲಿ ಕೆಲವಕ್ಕೆ ಸೊಳ್ಳೆಪರದೆಯ ಬಟ್ಟೆಯಿಂದ ಹೊಲಿದ ಚೀಲ ತೊಡಿಸಿ ಬುಡದಲ್ಲಿ ದಾರ ಕಟ್ಟಿದೆವು. ಕೆಲವನ್ನು ಹಾಗೆಯೇ ತೆರೆದು ಬಿಟ್ಟು ಬೇರೆ ಬಣ್ಣದ ದಾರದಿಂದ ಗುರುತು ಮಾಡಿದೆವು. ಇನ್ನು ಕೆಲವಕ್ಕೆ ಚೀಲ ಹಾಕಿ, ಬೆಳಿಗ್ಗೆ ಬಿಚ್ಚಿ, ಗಂಡು ಹೂವಿನ ಪರಾಗವನ್ನು ಕೈಯಿಂದ ಹಚ್ಚಿ ಮತ್ತೆ ಮುಚ್ಚಿದೆವು. ದಾರಗಳ ಲೆಕ್ಕವನ್ನು ಆಯಾ ಹೊಲದವರಿಗೇ ಒಪ್ಪಿಸಿದೆವು, ನಾವು ಇಲ್ಲದಿರುವಾಗ ದಿನವೂ ನೋಡಬೇಕಾದವರು ಅವರೇ ತಾನೆ.

ಚೀಲದೊಳಗಿನ ಹೀಚುಗಳು ಕೆಲವೇ ದಿನಗಳಲ್ಲಿ ಹಳದಿಯಾಗಿ, ಸುಕ್ಕಾಗಿ, ತೊಟ್ಟಿನಿಂದ ಕಳಚಿ ಬಿದ್ದವು. ಅದೇ ಬಳ್ಳಿ, ಅದೇ ನೀರು, ಅದೇ ಗೊಬ್ಬರ, ಆದರೂ ಪಕ್ಕದ ತೆರೆದ ಹೂವಿನ ಕಾಯಿ ದಪ್ಪಗಾಗುತ್ತಿತ್ತು. ಹೀಚು ಉದುರುವುದನ್ನು ನೀರಿನ ಕೊರತೆ, ಬೇರುರೋಗ, ಉಷ್ಣ ಎಂದು ಅಲ್ಲಿಯವರೆಗೆ ವಿವರಿಸುತ್ತಿದ್ದವರು ಈ ದಾರಗಳ ಮುಂದೆ ಸುಮ್ಮನೆ ನಿಂತುಬಿಟ್ಟರು. ಸೌತೆಯಲ್ಲಿ ಮಾತು ಇನ್ನೂ ಮುಂದಕ್ಕೆ ಹೋಯಿತು. ಬೀಜ ಕಟ್ಟುವ ಬಗೆಯ ಸೌತೆಯ ಹೂವಿಗೆ ಕೀಟದ ಭೇಟಿ ಒಂದೆರಡು ಸಲ ಆದರೆ ಸಾಲದು, ಹಲವು ಸಲ ಆಗಿ, ಒಳಗಿನ, ಮುಂದೆ ಬೀಜವಾಗಬೇಕಾದ ಅಂಡಕಗಳಲ್ಲಿ ಬಹುಪಾಲು ಫಲಿಸಿದರೆ ಮಾತ್ರ ಕಾಯಿ ಉದ್ದಕ್ಕೂ ಸಮವಾಗಿ ತುಂಬಿಕೊಳ್ಳುತ್ತದೆ. ಸೊಟ್ಟಗಾದ ಕಾಯಿಯೊಂದನ್ನು ಉದ್ದುದ್ದ ಸೀಳಿ, ತುಂಬಿದ ಭಾಗದಲ್ಲಿ ಬಲಿತ ಬೀಜಗಳೂ ಬತ್ತಿದ ಭಾಗದಲ್ಲಿ ಜೊಳ್ಳು ಬೀಜಗಳೂ ಇರುವುದನ್ನು ಎಲ್ಲರೂ ನೋಡಿದೆವು. ನೀರು ಸಾಲದಿದ್ದರೂ ಕಾಯಿ ಸೊಟ್ಟಗಾಗುತ್ತದೆ ಎಂಬ ಅವರ ಮಾತನ್ನು ನಾವು ಅಲ್ಲಗಳೆಯಲಿಲ್ಲ, ಅದೂ ನಿಜವೇ.

ಸೂರ್ಯಕಾಂತಿಯ ಪರೀಕ್ಷೆ ಇಷ್ಟು ಸಲೀಸಾಗಿ ಮುಗಿಯಲಿಲ್ಲ. ಚೀಲ ಕಟ್ಟಿದ ತೆನೆಯಲ್ಲಿ ಜೊಳ್ಳು ಹೆಚ್ಚಾಗಿದ್ದರೂ ಕಾಳು ಪೂರ್ತಿ ಇಲ್ಲದಿರಲಿಲ್ಲ. ‘ಹುಳ ಬಾರದೆಯೂ ಇಷ್ಟು ತುಂಬಿದೆಯಲ್ಲ, ಇದಕ್ಕೇನು ಹೇಳುತ್ತೀರಿ?’ ಎಂದು ಹೊಲದ ಯಜಮಾನರು ಕಾಳುಗಳನ್ನು ಅಂಗೈಯಲ್ಲಿ ಹರಡಿ ಕೇಳಿದರು. ಈಗಿನ ಅನೇಕ ಹೈಬ್ರಿಡ್ ತಳಿಗಳು ಸ್ವಂತ ಪರಾಗದಿಂದಲೂ ಒಂದು ಮಟ್ಟಿಗೆ ಕಾಳು ಕಟ್ಟುತ್ತವೆ, ಜೇನು ಬಂದರೆ ಕಾಳಿನ ಪ್ರಮಾಣ ಏರುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆವು. ಪ್ರಚಾರದ ಭಾಷೆಯಲ್ಲಿ ಎಲ್ಲ ಬೆಳೆಯೂ ಜೇನಿನಿಂದಲೇ ಎಂದು ಹೇಳಿಬಿಟ್ಟಿದ್ದರೆ ಆ ಯಜಮಾನರು ಮುಂದಿನ ಮಾತನ್ನು ನಂಬುತ್ತಿರಲಿಲ್ಲ. ರೈತರ ಅನುಮಾನಕ್ಕೆ ಇಂಥ ಉತ್ಪ್ರೇಕ್ಷೆಗಳೂ ಒಂದು ಕಾರಣ ಎಂದು ನನಗೆ ಅನಿಸಿದೆ. ಜೋಳ, ಭತ್ತ, ಗೋಧಿಗಳು ಕೀಟಗಳನ್ನು ನೆಚ್ಚಿಲ್ಲ ಎಂಬುದನ್ನು ಕಣ್ಣಾರೆ ಕಂಡವರು ಅವರು.

ನನ್ನ ಮಟ್ಟಿಗೆ ಇಡೀ ಕೆಲಸದ ಅತ್ಯುತ್ತಮ ಗಳಿಗೆ ಬಂದದ್ದು ಟೊಮೆಟೊ, ಬದನೆಯ ಹೊಲದಲ್ಲಿ. ಈ ಗಿಡಗಳ ಹೂವಿನಲ್ಲಿ ಪರಾಗವು ಕೊಳವೆಯಂಥ ಪರಾಗಕೋಶಗಳ ಒಳಗೆ ಅಡಗಿರುತ್ತದೆ. ಬದನೆಯಲ್ಲಿ ಕೋಶದ ತುದಿಯ ಸಣ್ಣ ರಂಧ್ರಗಳ ಮೂಲಕ, ಟೊಮೆಟೊದಲ್ಲಿ ಒಟ್ಟುಗೂಡಿದ ಕೋಶಗಳ ಶಂಕುವಿನ ಬಾಯಿಯ ಮೂಲಕ ಅದು ಹೊರಬರಬೇಕಾದರೆ ಹೂವು ಅದುರಬೇಕು. ಗಾಳಿಗೆ ಗಿಡ ಅಲುಗಿದರೂ ಸ್ವಲ್ಪ ಉದುರಿ ಕಾಯಿ ಕಟ್ಟುತ್ತದೆ. ಕರಿದುಂಬಿ, ನೀಲಿ ಪಟ್ಟೆಯ ಜೇನುಗಳು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನು ಮಾತ್ರ ಕಂಪಿಸಿ, ಝೇಂಕರಿಸಿ ಪರಾಗವನ್ನು ಸುರಿಸಿಕೊಳ್ಳುತ್ತವೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ವಿದ್ಯೆ ಬಾರದು. ಇದನ್ನು ಬಾಯಲ್ಲಿ ಹೇಳಿದರೆ ನಂಬುವುದು ಕಷ್ಟವಾದ್ದರಿಂದ, ಶಾಲೆಯ ಪ್ರಯೋಗಾಲಯದಲ್ಲಿ ಶಬ್ದದ ಪಾಠಕ್ಕೆ ಬಳಸುವ ಶ್ರುತಿಕವೆಯೊಂದನ್ನು ತಂದಿದ್ದೆವು. ಹೊಸದಾಗಿ ಅರಳಿದ ಟೊಮೆಟೊ ಹೂವಿನ ಕೆಳಗೆ ಕಪ್ಪು ಕಾಗದ ಹಿಡಿದು, ಕವೆಯನ್ನು ರಬ್ಬರಿನ ಚಪ್ಪಲಿಗೆ ಬಡಿದು ಹೂವಿನ ತೊಟ್ಟಿಗೆ ಮುಟ್ಟಿಸಿದಾಗ, ಹಳದಿ ಮಿಶ್ರಿತ ಬಿಳಿ ಪುಡಿ ಹೊಗೆಯಂತೆ ಹೊರಬಂದು ಕಾಗದದ ಮೇಲೆ ಕುಳಿತುಕೊಂಡಿತು. ಕವೆಯನ್ನು ಬಡಿಯದೆ ಬರಿದೆ ಮುಟ್ಟಿಸಿದರೆ ಏನೂ ಬೀಳಲಿಲ್ಲ. ಕವೆ ಕೈಯಿಂದ ಕೈಗೆ ಹೋಯಿತು, ಕೂಲಿಗೆ ಬಂದಿದ್ದವರೂ ಒಂದೊಂದು ಹೂವಿನ ಮೇಲೆ ಪ್ರಯೋಗ ಮಾಡಿದರು. ‘ಹಾಗಾದರೆ ಬೆಳಿಗ್ಗೆ ಬದನೆ ಸಾಲಿನಲ್ಲಿ ಗುಂಯ್ ಎಂದು ನಿಂತು ನಿಂತು ಕೇಳುವ ಸದ್ದು ಇದೇ’ ಎಂದು ಒಬ್ಬಾಕೆ ಹೇಳಿದರು. ಸದ್ದನ್ನು ಆಕೆ ಎಷ್ಟೋ ವರ್ಷಗಳಿಂದ ಕೇಳಿದ್ದರು, ಹಾರುವಾಗಿನ ಸದ್ದಿಗಿಂತ ಅದು ಬೇರೆ ಎಂಬುದನ್ನೂ ಗಮನಿಸಿದ್ದರು. ಅದು ಮಾಡುವ ಕೆಲಸ ಮಾತ್ರ ಅವರಿಗೆ ಆ ದಿನ ಸೇರಿಕೊಂಡಿತು.

ಜೇನುಪೆಟ್ಟಿಗೆ ಇಟ್ಟರೆ ಎಲ್ಲವೂ ಆಯಿತು ಎಂಬ ನಂಬಿಕೆ ತರಬೇತಿ ಪಡೆದ ರೈತರಲ್ಲಿಯೇ ಹೆಚ್ಚಾಗಿ ಕಂಡಿತು. ಜಗತ್ತಿನ ಬೇರೆ ಬೇರೆ ಭಾಗಗಳ 41 ಬೆಳೆ ವ್ಯವಸ್ಥೆಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಾಡುಕೀಟಗಳ ಭೇಟಿ ಹೆಚ್ಚಿದಂತೆ ಎಲ್ಲೆಡೆ ಕಾಯಿ ಕಟ್ಟುವಿಕೆ ಹೆಚ್ಚಿತ್ತು, ಸಾಕುಜೇನಿನ ವಿಷಯದಲ್ಲಿ ಅಂಥ ಸ್ಪಷ್ಟ ಏರಿಕೆ ಶೇಕಡ 14ರಷ್ಟು ವ್ಯವಸ್ಥೆಗಳಲ್ಲಿ ಮಾತ್ರ ಕಂಡುಬಂದಿತ್ತು. ಅಂಕಿಗಿಂತ ಕಥೆಯೇ ಇಲ್ಲಿ ಕೆಲಸಕ್ಕೆ ಬಂತು. ಎಣ್ಣೆತಾಳೆಯ ತೋಟಗಳಿಗೆ ಕೂಲಿಯಾಳುಗಳಿಂದ ಪರಾಗ ಹಾಕಿಸುತ್ತಿದ್ದ ಮಲೇಷ್ಯಾಕ್ಕೆ 1981ರಲ್ಲಿ ಕ್ಯಾಮರೂನಿನಿಂದ ಒಂದು ಪುಟ್ಟ ಮೂತಿಹುಳುವನ್ನು ತಂದು ಬಿಟ್ಟ ಮೇಲೆ ಆ ಕೂಲಿಯ ಅಗತ್ಯವೇ ಇಲ್ಲವಾಯಿತು ಎಂದು ಹೇಳಿದಾಗ, ಮೂತಿಹುಳುವನ್ನು ಶತ್ರುವೆಂದೇ ಬಲ್ಲವರು ಬಾಯಿ ತೆರೆದು ಕೇಳಿದರು. ಕೂಲಿಯ ಖರ್ಚಿನ ಭಾಷೆ ಅವರಿಗೆ ತಕ್ಷಣ ತಲುಪುತ್ತಿತ್ತು.

ಈ ಕೀಟಗಳು ಎಲ್ಲಿ ವಾಸಿಸುತ್ತವೆ ಎಂಬ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ನಿಜವಾದ ಕೊರತೆ ಕಂಡಿತು. ಮರದಲ್ಲಿ, ಹುತ್ತದಲ್ಲಿ, ಬಂಡೆಯಲ್ಲಿ ಎಂಬುದೇ ಹೆಚ್ಚುಕಡಿಮೆ ಎಲ್ಲರ ಉತ್ತರ, ಅಂದರೆ ತುಪ್ಪ ಕೊಡುವ ಜೇನಿನ ವಿಳಾಸ. ಪ್ರಪಂಚದಲ್ಲಿ ಗುರುತಿಸಿರುವ 20,000ಕ್ಕೂ ಹೆಚ್ಚು ಜೇನು ಜಾತಿಗಳಲ್ಲಿ ಬಹುಪಾಲು ಒಂಟಿಯಾಗಿ ಬದುಕುವಂಥವು, ಅವುಗಳಲ್ಲಿ ಹೆಚ್ಚಿನವು ನೆಲದಲ್ಲಿ ಬಿಲ ತೋಡಿ ಗೂಡು ಮಾಡುತ್ತವೆ. ಬದುವಿನ ಬಿಸಿಲು ಬೀಳುವ ಮಗ್ಗುಲಿನಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ರಂಧ್ರಗಳನ್ನು ತೋರಿಸಿ ಕೆಲಹೊತ್ತು ಕಾದು ಕುಳಿತರೆ, ಕಾಲಿನಲ್ಲಿ ಹಳದಿ ಪರಾಗ ಹೊತ್ತ ಜೇನು ನೇರವಾಗಿ ಒಳಗೆ ಇಳಿಯುವುದು ಕಾಣುತ್ತಿತ್ತು. ‘ಇದು ಇರುವೆಯ ತೂತು ಅಂದುಕೊಂಡಿದ್ದೆ’ ಎಂದವರೇ ಎಲ್ಲರೂ.

ಕಂಡ ಮೇಲೆ ಬದುವನ್ನು ಉಳಿಸುತ್ತಾರೆಯೇ ಎಂದರೆ, ಅದು ಬೇರೆಯೇ ಮಾತು. ಕಳೆಯಿಲ್ಲದೆ ಕೆತ್ತಿದ ಬದು ಒಳ್ಳೆಯ ಒಕ್ಕಲುತನದ ಗುರುತು. ಹೂಬಿಟ್ಟ ಕಳೆಗಿಡಗಳು ನಿಂತಿದ್ದರೆ ದಾರಿಯಲ್ಲಿ ಹೋಗುವವರು ಸೋಮಾರಿಯ ಹೊಲವೆನ್ನುತ್ತಾರೆ. ಗುತ್ತಿಗೆಗೆ ಉಳುವವರಿಗಂತೂ ಬದು ಅವರದೇ ಅಲ್ಲ, ಮುಂದಿನ ವರ್ಷ ಅದೇ ಹೊಲ ಸಿಗುವ ಖಾತ್ರಿಯೂ ಇಲ್ಲ. ಇವರ ಮುಂದೆ ಗೂಡುಗಳನ್ನು ಉಳಿಸಿ ಎನ್ನುವುದು ನನಗೇ ಸಂಕೋಚವೆನಿಸುತ್ತಿತ್ತು. ಜಾಗ ಬಿಡಲು ಸಿದ್ಧರಿದ್ದೀರಾ ಎಂಬ ಪ್ರಶ್ನೆಗೆ ಬಂದ ‘ಇಲ್ಲ’ಗಳನ್ನು ಮನೋಭಾವದ ಲೆಕ್ಕಕ್ಕೆ ಸೇರಿಸದೆ, ಭೂಮಿಯ ಒಡೆತನದ ಜೊತೆಗಿಟ್ಟು ಓದಬೇಕೆಂದು ವಿಂಗಡಿಸುವಾಗ ನಾನು ಹಟ ಹಿಡಿದದ್ದು ಇದಕ್ಕಾಗಿ.

ಕೀಟನಾಶಕದ ವಿಷಯದಲ್ಲಿ ಅರಿವು ಧಾರಾಳವಾಗಿತ್ತು. ಔಷಧಿ ಹೊಡೆದ ಮರುದಿನ ಸಾಲಿನಲ್ಲಿ ಸತ್ತ ಜೇನುಗಳನ್ನು ಕಂಡವರು, ಜೇನುಪೆಟ್ಟಿಗೆ ಇಟ್ಟಿದ್ದ ನೆರೆಯವರೊಡನೆ ಅದಕ್ಕಾಗಿ ಮಾತು ಬಿಟ್ಟವರು, ಎಲ್ಲ ಬಗೆಯವರೂ ಸಿಕ್ಕರು. ಸಿಂಪಡಿಸಿದ ಹನಿ ಮೈಮೇಲೆ ಬಿದ್ದರೆ ಮಾತ್ರ ಕೀಟ ಸಾಯುತ್ತದೆ ಎಂದು ಹೆಚ್ಚಿನವರು ತಿಳಿದಿದ್ದರು, ಬೀಜಕ್ಕೆ ಲೇಪಿಸಿದ ಅಥವಾ ಬೇರಿನ ಮೂಲಕ ಏರಿದ ವಿಷ ಮಕರಂದದಲ್ಲಿಯೂ ಪರಾಗದಲ್ಲಿಯೂ ಇರಬಹುದೆಂಬುದು ಹೊಸ ಸುದ್ದಿ. ಇದೇ ಕಾರಣಕ್ಕೆ ಯುರೋಪಿಯನ್ ಒಕ್ಕೂಟವು ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್, ಥಯಾಮೆಥಾಕ್ಸಾಮ್ ಎಂಬ ಮೂರು ಕೀಟನಾಶಕಗಳನ್ನು ಬಯಲಿನಲ್ಲಿ ಬಳಸದಂತೆ 2018ರಲ್ಲಿ ನಿಷೇಧಿಸಿತು. ಹೂವು ಅರಳಿ ಕೀಟಗಳು ಓಡಾಡುವ ಬೆಳಗಿನ ಹೊತ್ತಿನಲ್ಲೇ ಏಕೆ ಹೊಡೆಯುತ್ತೀರಿ ಎಂದು ಕೇಳಿದಾಗ ಬಂದ ಉತ್ತರಗಳಲ್ಲಿ ಕೀಟದ ಪ್ರಸ್ತಾಪವೇ ಇರಲಿಲ್ಲ. ಬಾಡಿಗೆ ಸ್ಪ್ರೇಯರ್ ಸಿಗುವುದು ಆಗ, ಆಳುಗಳು ಬರುವುದು ಆಗ, ಹೊತ್ತೇರಿದರೆ ಗಾಳಿ ಏಳುತ್ತದೆ, ಕತ್ತಲಾದರೆ ಬಳ್ಳಿಯ ನಡುವೆ ಹಾವಿನ ಭಯ. ಯಾವ ಔಷಧಿ, ಎಷ್ಟು ಎಂಬುದನ್ನು ಅಂಗಡಿಯವರು ಹೇಳುತ್ತಾರೆ, ಡಬ್ಬಿಯ ಮೇಲಿನ ಅಕ್ಷರಗಳು ಓದಲಾಗದಷ್ಟು ಚಿಕ್ಕವು. ಜ್ಞಾನದ ಪ್ರಶ್ನೆಗಳಲ್ಲಿ ಪೂರ್ಣ ಅಂಕ ಪಡೆದವರಿಗೂ ಏನೂ ಹೇಳಲಾಗದವರಿಗೂ ಔಷಧಿ ಹೊಡೆಯುವ ಗಳಿಗೆಯಲ್ಲಿ ವ್ಯತ್ಯಾಸ ಕಾಣದಿದ್ದುದು ಹೀಗಾಗಿ.

ಕೊನೆಯ ಸುತ್ತಿನ ಗುಂಪು ಚರ್ಚೆಗೆ ನಾವು ಒಯ್ದಿದ್ದ ಕರಪತ್ರದಲ್ಲಿ ಎಲ್ಲೆಡೆ ಕೊಡುವ ಸಲಹೆಯೇ ಇತ್ತು: ಹೂಬಿಟ್ಟ ಬೆಳೆಗೆ ಔಷಧಿ ಹೊಡೆಯದಿರುವುದು ಉತ್ತಮ, ಅನಿವಾರ್ಯವಾದರೆ ಸಂಜೆ ಹೊಡೆಯಿರಿ. ಒಂದೇ ಸ್ಪ್ರೇಯರನ್ನು ಹಂಚಿಕೊಳ್ಳುತ್ತಿದ್ದ ಕೆಲವರು ಸರದಿಯನ್ನು ಮಧ್ಯಾಹ್ನದ ನಂತರಕ್ಕೆ ಬದಲಿಸಿಕೊಳ್ಳಲು ಅಲ್ಲಿಯೇ ಮಾತಾಡಿಕೊಂಡರು. ಕುಂಬಳದ ಹೂವು ಬೆಳಗಿನ ಹೊತ್ತು ಕಳೆಯುವುದರೊಳಗೆ ಮುಚ್ಚಿಕೊಳ್ಳುವುದರಿಂದ ಅವರಿಗೆ ಅದು ಸರಿಹೊಂದುತ್ತಿತ್ತು. ಅಷ್ಟರಲ್ಲಿ ಹಿಂದೆ ಕುಳಿತಿದ್ದ ಹಿರಿಯ ಹೆಂಗಸೊಬ್ಬರು, ‘ಸೋರೆ, ಹೀರೆಗೆ ಏನು ಮಾಡುತ್ತೀರಪ್ಪ? ಅವು ಅರಳುವುದೇ ಸಂಜೆ ಅಲ್ಲವೇ?’ ಎಂದು ಕೇಳಿದರು. ಅವರು ಮನೆಯ ಹಿತ್ತಲ ಸೋರೆಬಳ್ಳಿಗೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುವ ಅಭ್ಯಾಸ ಇಟ್ಟುಕೊಂಡಿದ್ದವರು. ಹಾಗೆ ಮಾಡದಿದ್ದರೆ ಹೀಚು ಕೊಳೆತು ಬೀಳುತ್ತದೆ ಎಂದು ಬಲ್ಲವರು. ಸೋರೆಯ ಬಿಳಿ ಹೂವಿಗೆ ಮುಸ್ಸಂಜೆಯ ಮೇಲೆ ದೊಡ್ಡ ಪತಂಗಗಳು ಬರುತ್ತವೆ, ಹೀರೆಯ ಹಳದಿ ಹೂವು ಸಹ ಇಳಿಹೊತ್ತಿನದೇ. ಇವುಗಳಿಗೆ ಸಂಜೆ ಔಷಧಿ ಹೊಡೆಯುವುದೆಂದರೆ ಬರುವ ಕೀಟಗಳ ಎದುರಿಗೇ ವಿಷ ಇಟ್ಟಂತೆ.

ಚರ್ಚೆ ಅಲ್ಲಿಂದ ಕರಪತ್ರವನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. ಅವರು ಬೆಳೆಯುವ ಒಂದೊಂದು ಬೆಳೆಯನ್ನೂ ತೆಗೆದುಕೊಂಡು, ಹೂವು ಯಾವ ಹೊತ್ತಿಗೆ ಅರಳುತ್ತದೆ, ಯಾವ ಹೊತ್ತಿಗೆ ಬಾಡುತ್ತದೆ ಎಂದು ಅವರವರಲ್ಲೇ ವಾದಿಸಿ ನಿರ್ಧರಿಸಿದರು. ನಮ್ಮ ಪಾಲಿಗೆ ಉಳಿದದ್ದು ಅದನ್ನು ಬರೆದುಕೊಳ್ಳುವ ಕೆಲಸ. ಟೊಮೆಟೊ, ಬದನೆಯ ಹೂವು ಒಂದು ದಿನಕ್ಕೆ ಮುಗಿಯುವುದಿಲ್ಲವಾದ್ದರಿಂದ ಅವುಗಳಿಗೆ ಸುರಕ್ಷಿತ ಹೊತ್ತು ಯಾವುದೆಂಬ ಬಗ್ಗೆ ಒಮ್ಮತ ಬರಲಿಲ್ಲ, ಆ ಸಾಲನ್ನು ಖಾಲಿ ಬಿಟ್ಟೆವು. ಸೋರೆ, ಹೀರೆಗಳಿಗೆ ಬೆಳಿಗ್ಗೆ ಹೂವು ಮುದುಡಿದ ಮೇಲೆ ಎಂದು ಬರೆಸಿದರು. ಮುಂದಿನ ಪ್ರಶ್ನಾವಳಿಯಲ್ಲಿ ‘ಪರಾಗಸ್ಪರ್ಶಕ ಕೀಟಗಳ ಬಗ್ಗೆ ನಿಮಗೆ ತಿಳಿದಿದೆಯೇ’ ಎಂಬ ಸಾಲನ್ನು ತೆಗೆದು, ಬೆಳೆವಾರು ಹೂವು ಅರಳುವ ಹೊತ್ತು, ಆ ಹೊತ್ತಿನಲ್ಲಿ ಕಾಣುವ ಹುಳು, ಸ್ಪ್ರೇಯರ್ ಕೈಗೆ ಸಿಗುವ ಹೊತ್ತು ಎಂಬ ಮೂರು ಕಲಮುಗಳನ್ನು ಸೇರಿಸಿದ್ದೇವೆ. ಈ ಕಲಮುಗಳನ್ನು ತುಂಬಲು ಮನೆಯಲ್ಲಿ ಕಾಯಿ ಬಿಡಿಸುವವರು ಯಾರೋ ಅವರನ್ನೇ ಮೊದಲು ಕೇಳಬೇಕೆಂಬ ಸೂಚನೆಯನ್ನೂ ಅದರ ಮೇಲ್ಭಾಗದಲ್ಲಿ ಬರೆದಿದ್ದೇವೆ.